ಬಿಪಿ ಮಾತ್ರೆ ತಪ್ಪಿತು, ಈಗೇನು? ಯಾವ ಮಾತ್ರೆ ಎಷ್ಟು ಗಂಟೆ ಹಿಡಿಯುತ್ತದೆ: ಸಮಗ್ರ ಮಾರ್ಗದರ್ಶಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬಿಪಿ ಮಾತ್ರೆ ಯಾಕೆ ತಪ್ಪುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಮನೆಯವರಿಗೆ ಊಟಕ್ಕೇ ಪುರುಸೊತ್ತಿರುವುದಿಲ್ಲ. ಟೊಮೆಟೊ ಲೋಡು ಹಾಕಿಕೊಂಡು ಕೋಲಾರದ ಎಪಿಎಂಸಿಗೆ ಹೋದವರು ವಾಪಸ್ ಬರುವಷ್ಟರಲ್ಲಿ ಮಧ್ಯಾಹ್ನ. ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹಿಡಿಯುವವರು ತಿಂಡಿಯನ್ನೇ ಬಿಟ್ಟು ಓಡುತ್ತಾರೆ, ತಿಂಡಿಯ ಜೊತೆಗಿನ ಮಾತ್ರೆಯೂ ಉಳಿದುಹೋಗುತ್ತದೆ. ತಿರುಪತಿಗೆ ಹೊರಟವರ ಬ್ಯಾಗಿನಲ್ಲಿ ಎಲ್ಲವೂ ಇರುತ್ತದೆ, ಸ್ಟ್ರಿಪ್ ಮಾತ್ರ ಕಿಟಕಿಯ ಮೇಲೆ.

ಒಂದು ಹೊತ್ತು ತಪ್ಪಿದರೆ ಏನಾಗುತ್ತದೆ ಎಂದು ಕೇಳಿದರೆ ‘ಏನೂ ಆಗಲ್ಲ’ ಎನ್ನುವವರೂ ಇದ್ದಾರೆ, ‘ಪ್ರಾಣಕ್ಕೇ ಸಂಚಕಾರ’ ಎಂದು ಹೆದರಿಸುವವರೂ ಇದ್ದಾರೆ. ಉತ್ತರ ನಿಂತಿರುವುದು ನೀವು ನುಂಗುವ ಮಾತ್ರೆ ಯಾವುದು ಎಂಬುದರ ಮೇಲೆ. ಕೆಲವು ಮಾತ್ರೆಗಳು ಎರಡು ದಿನ ತಪ್ಪಿದರೂ ಒಂದಷ್ಟು ಕಾಪಾಡುತ್ತವೆ. ಕೆಲವು ಒಂದೇ ದಿನದಲ್ಲಿ ಕೈಬಿಡುತ್ತವೆ. ಇನ್ನು ಕೆಲವನ್ನು ಥಟ್ಟನೆ ನಿಲ್ಲಿಸಿದರೆ ಬಿಪಿ ಮೊದಲಿಗಿಂತಲೂ ಮೇಲೆ ಹಾರುತ್ತದೆ.

ಮೊದಲ ಹೆಜ್ಜೆ: ಸ್ಟ್ರಿಪ್ ತಿರುಗಿಸಿ ಓದಿ

ಮುಂಭಾಗದಲ್ಲಿ ದಪ್ಪಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ನಿಮಗೆ ಬೇಕಾಗಿರುವುದು ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು: ಅಮ್ಲೋಡಿಪಿನ್, ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಲಾಪ್ರಿಲ್, ರಾಮಿಪ್ರಿಲ್, ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೋರ್ಥ್ಯಾಲಿಡೋನ್, ಹೈಡ್ರೋಕ್ಲೋರೋಥಯಜೈಡ್, ಕ್ಲೋನಿಡಿನ್, ಪ್ರಾಜೋಸಿನ್. ಅದರ ಮುಂದೆ 5, 40, 12.5 ಎಂದು ಮಿಲಿಗ್ರಾಂ ಬರೆದಿರುತ್ತದೆ. ಇಂಗ್ಲಿಷ್ ಓದಲು ಬಾರದಿದ್ದರೆ ಮೆಡಿಕಲ್ ಶಾಪಿನವರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ, ಕನ್ನಡದಲ್ಲಿ ಒಂದು ಚೀಟಿಗೆ ಬರೆಸಿಕೊಂಡು ಡಬ್ಬಿಗೆ ಅಂಟಿಸಿ.

ಹೆಸರಿನ ಬಾಲಕ್ಕೆ ಅಂಟಿದ ಅಕ್ಷರಗಳನ್ನೂ ನೋಡಿ. ‘ಎಎಂ’ ಎಂದಿದ್ದರೆ ಸಾಮಾನ್ಯವಾಗಿ ಅಮ್ಲೋಡಿಪಿನ್ ಸೇರಿದೆ, ‘ಎಚ್’ ಎಂದರೆ ಹೈಡ್ರೋಕ್ಲೋರೋಥಯಜೈಡ್, ‘ಎಟಿ’ ಎಂದರೆ ಅಟೆನೊಲಾಲ್. ‘ಎಕ್ಸ್‌ಎಲ್’ ಅಥವಾ ‘ಇಆರ್’ ಎಂದಿದ್ದರೆ ಔಷಧ ದಿನವಿಡೀ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಅದನ್ನು ಜಗಿಯಬಾರದು, ಪುಡಿ ಮಾಡಬಾರದು. ಪುಡಿ ಮಾಡಿದರೆ 24 ಗಂಟೆಗೆ ಹಂಚಿಹೋಗಬೇಕಾದ ಔಷಧ ಒಂದೆರಡು ಗಂಟೆಯಲ್ಲೇ ರಕ್ತಕ್ಕೆ ಸೇರಿ ತಲೆಸುತ್ತು ಬರುತ್ತದೆ, ಸಂಜೆಯ ಹೊತ್ತಿಗೆ ಏನೂ ಉಳಿದಿರುವುದಿಲ್ಲ.

ಇದೇ ಹಂತದಲ್ಲಿ ಮತ್ತೊಂದು ಪರೀಕ್ಷೆ ಮುಗಿಸಿಬಿಡಿ, ಇದು ಬಹಳ ಮುಖ್ಯ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಮಾತ್ರೆಯೂ ಖಾಸಗಿ ಕ್ಲಿನಿಕ್ಕಿನಲ್ಲಿ ಬರೆದ ಮಾತ್ರೆಯೂ ಬಣ್ಣ, ಗಾತ್ರ, ಹೆಸರು ಬೇರೆಯಾಗಿದ್ದರೂ ಒಳಗಿನ ಔಷಧ ಒಂದೇ ಆಗಿರಬಹುದು. ಎರಡನ್ನೂ ನುಂಗುತ್ತಿದ್ದರೆ ನಿಮಗೆ ದಿನವೂ ಡಬಲ್ ಡೋಸ್ ಬೀಳುತ್ತಿದೆ ಎಂದರ್ಥ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಸಾಲಾಗಿಟ್ಟು ಸಣ್ಣ ಅಕ್ಷರಗಳನ್ನು ಹೋಲಿಸಿ ನೋಡಿ.

ಎರಡನೇ ಹೆಜ್ಜೆ: ಕೊನೆಯ ಮಾತ್ರೆಯಿಂದ ಗಂಟೆ ಎಣಿಸಿ

‘ನಿನ್ನೆ ತಪ್ಪಿತು’ ಎಂದರೆ ಸಾಲದು. ಸೋಮವಾರ ಬೆಳಿಗ್ಗೆ 8ಕ್ಕೆ ನುಂಗಿ ಮಂಗಳವಾರ ಮರೆತು, ಬುಧವಾರ ಬೆಳಿಗ್ಗೆ 8ಕ್ಕೆ ನೆನಪಾದರೆ ಕೊನೆಯ ಮಾತ್ರೆಗೆ ಆಗಲೇ 48 ಗಂಟೆ. ಒಂದೇ ಮಾತ್ರೆ ತಪ್ಪಿದರೂ ದೇಹ ಎರಡು ದಿನ ಹಳೆಯ ಔಷಧದ ಮೇಲೆ ನಡೆದಿದೆ.

ಈ ಎಣಿಕೆಗೆ ಅರ್ಥ ಬರುವುದು ಔಷಧದ ಅರ್ಧಾಯು ಗೊತ್ತಿದ್ದರೆ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ ಅದು. ಒಂದು ಅರ್ಧಾಯು ಕಳೆದರೆ ಅರ್ಧ, ಎರಡು ಕಳೆದರೆ ಕಾಲು ಭಾಗ, ನಾಲ್ಕೈದು ಕಳೆದರೆ ಬಹುತೇಕ ಖಾಲಿ. ಅಮ್ಲೋಡಿಪಿನ್‌ನ ಅರ್ಧಾಯು 30ರಿಂದ 50 ಗಂಟೆ. ಹಾಗಾಗಿ ಬುಧವಾರ ಬೆಳಿಗ್ಗೆಯೂ ಹೆಚ್ಚುಕಡಿಮೆ ಅರ್ಧದಷ್ಟು ಉಳಿದಿರುತ್ತದೆ. ಲೊಸಾರ್ಟನ್ ಆದರೆ ಅದರ ಅರ್ಧಾಯು ಸುಮಾರು 2 ಗಂಟೆ, ದೇಹದೊಳಗೆ ಅದರಿಂದ ತಯಾರಾಗುವ ಪ್ರಬಲ ರೂಪದ್ದು 6ರಿಂದ 9 ಗಂಟೆ. ಬುಧವಾರ ಬೆಳಿಗ್ಗೆ ಅದು ಲೆಕ್ಕಕ್ಕೇ ಸಿಗುವುದಿಲ್ಲ.

ರಕ್ತದಲ್ಲಿ ಔಷಧ ಮುಗಿದ ಕ್ಷಣವೇ ಬಿಪಿ ಏರಿ ನಿಲ್ಲುವುದಿಲ್ಲ ಎಂಬುದೂ ನಿಜ. ರಕ್ತನಾಳಗಳು ಮತ್ತೆ ಬಿಗಿಯಾಗಲು, ದೇಹ ಮತ್ತೆ ಉಪ್ಪು ನೀರು ಹಿಡಿದಿಟ್ಟುಕೊಳ್ಳಲು ಸಮಯ ಬೇಕು. ಮಾತ್ರೆ ಬಿಟ್ಟ ಮೂರನೇ ದಿನ ಅಳತೆ 130/80 ಬಂತು, ಬಿಪಿ ವಾಸಿಯಾಯಿತು ಎಂದುಕೊಂಡು ಪೂರ್ತಿ ನಿಲ್ಲಿಸುವವರು ಮೋಸಹೋಗುವುದು ಇಲ್ಲಿಯೇ. ಆ ಅಂಕಿಯನ್ನು ಹಿಡಿದು ನಿಲ್ಲಿಸಿರುವುದು ಹಳೆಯ ಮಾತ್ರೆಯ ಉಳಿಕೆ.

ಮೂರನೇ ಹೆಜ್ಜೆ: ನಿಮ್ಮ ಮಾತ್ರೆ ಯಾವ ಗುಂಪಿನದು

ನಿಧಾನವಾಗಿ ಇಳಿಯುವ ಮಾತ್ರೆಗಳಿಂದ ಶುರು ಮಾಡೋಣ. ಅಮ್ಲೋಡಿಪಿನ್ ಒಂದು ಹೊತ್ತು ತಪ್ಪಿದರೆ ಹೆಚ್ಚಿನವರಲ್ಲಿ ಬಿಪಿ ಅಷ್ಟಾಗಿ ಕದಲುವುದಿಲ್ಲ. ಎರಡು ಮೂರು ದಿನ ಔಷಧದ ಪರಿಣಾಮ ನಿಧಾನವಾಗಿ ಇಳಿಯುತ್ತದೆ, ಪೂರ್ತಿ ಬಿಟ್ಟರೆ ಸುಮಾರು ಒಂದು ವಾರದಲ್ಲಿ ಬಿಪಿ ಹಳೆಯ ಮಟ್ಟಕ್ಕೆ ಮರಳುತ್ತದೆ. ವಯಸ್ಸಾದವರಲ್ಲಿ, ಲಿವರ್ ತೊಂದರೆ ಇರುವವರಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. ಕ್ಲೋರ್ಥ್ಯಾಲಿಡೋನ್ ಕೂಡ ಹೀಗೆಯೇ, ಅದರ ಅರ್ಧಾಯು 40ರಿಂದ 60 ಗಂಟೆ, ಪರಿಣಾಮ ಎರಡು ಮೂರು ದಿನ. ಟೆಲ್ಮಿಸಾರ್ಟನ್‌ನ ಅರ್ಧಾಯು ಸುಮಾರು 24 ಗಂಟೆ. ಒಂದು ದಿನ ತಪ್ಪಿದರೆ ಸ್ವಲ್ಪ ಸಡಿಲವಾಗುತ್ತದೆ, ನಿಲ್ಲಿಸಿದರೆ ಕೆಲವು ದಿನಗಳಿಂದ ಒಂದು ವಾರದೊಳಗೆ ಬಿಪಿ ಮೊದಲಿನಂತಾಗುತ್ತದೆ, ದಿಢೀರನೆ ಹಾರುವುದಿಲ್ಲ. ಸರ್ಕಾರಿ ಆಸ್ಪತ್ರೆಗಳ ಬಿಪಿ ಚಿಕಿತ್ಸೆಯಲ್ಲಿ ಈ ಮೂರೂ ಮುಖ್ಯ ಮಾತ್ರೆಗಳಾಗಿರುವುದಕ್ಕೆ ದಿನಕ್ಕೊಂದೇ ಸಾಕು ಎನ್ನುವ ಈ ಗುಣವೂ ಒಂದು ಕಾರಣ.

ಲೊಸಾರ್ಟನ್, ಎನಲಾಪ್ರಿಲ್, ರಾಮಿಪ್ರಿಲ್ ಮಧ್ಯದವು. ಎನಲಾಪ್ರಿಲ್ ಕೆಲಸ ಮಾಡುವ ರೂಪದ ಅರ್ಧಾಯು ಸುಮಾರು 11 ಗಂಟೆ, ರಾಮಿಪ್ರಿಲ್‌ದು 13ರಿಂದ 17. ದಿನಕ್ಕೊಂದು ನುಂಗುವವರಲ್ಲಿ 24ನೇ ಗಂಟೆಯ ಹೊತ್ತಿಗೇ ಹಿಡಿತ ಸಡಿಲಾಗಿರಬಹುದು. ಅದಕ್ಕೇ ಎನಲಾಪ್ರಿಲ್, ಲೊಸಾರ್ಟನ್‌ಗಳನ್ನು ಕೆಲವರಿಗೆ ದಿನಕ್ಕೆರಡು ಸಲ ಬರೆಯುತ್ತಾರೆ. ಒಂದು ದಿನ ತಪ್ಪಿದರೆ ಮರುದಿನ ಬೆಳಿಗ್ಗೆ ಅಂಕಿಯಲ್ಲಿ ಏರಿಕೆ ಕಾಣಬಹುದು. ಹೈಡ್ರೋಕ್ಲೋರೋಥಯಜೈಡ್ ಮೂತ್ರ ಹೆಚ್ಚಿಸುವುದು 6ರಿಂದ 12 ಗಂಟೆ, ಬಿಪಿಯ ಮೇಲಿನ ಪರಿಣಾಮ ಅದಕ್ಕಿಂತ ಉದ್ದ. ಫ್ಯುರೋಸೆಮೈಡ್ ಮಾತ್ರ ಸುಮಾರು 6 ಗಂಟೆಯಲ್ಲಿ ಮುಗಿಯುತ್ತದೆ. ಹೃದಯ ದುರ್ಬಲವಾಗಿ ಕಾಲು ಊದುವವರು ಅದನ್ನು ಒಂದೆರಡು ದಿನ ಬಿಟ್ಟರೂ ನೀರು ತುಂಬಿ ಉಸಿರು ಕಟ್ಟಬಹುದು.

ಇನ್ನು ಹುಷಾರಾಗಿರಬೇಕಾದವು. ಅಟೆನೊಲಾಲ್‌ನ ಅರ್ಧಾಯು 6–7 ಗಂಟೆ, ಸಾಮಾನ್ಯ ಮೆಟೊಪ್ರೊಲಾಲ್‌ದು 3ರಿಂದ 7. ಕಿಡ್ನಿ ಸರಿಯಿಲ್ಲದವರಲ್ಲಿ ಅಟೆನೊಲಾಲ್ ಹೆಚ್ಚು ಹೊತ್ತು ಉಳಿಯುತ್ತದೆ. ಈ ಗುಂಪಿನ ಮಾತ್ರೆಗಳು ಹೃದಯವನ್ನು ಅಡ್ರಿನಲಿನ್ ಹೊಡೆತದಿಂದ ಕಾಯುತ್ತವೆ. ತಿಂಗಳುಗಟ್ಟಲೆ ಕಾವಲಿನಲ್ಲಿದ್ದ ಹೃದಯ ಆ ಹೊಡೆತಕ್ಕೆ ಹೆಚ್ಚು ಸೂಕ್ಷ್ಮವಾಗಿರುತ್ತದೆ. ಕಾವಲು ಹಠಾತ್ತನೆ ಹೋದಾಗ ಎದೆಬಡಿತ ಏರುತ್ತದೆ, ಹೃದಯದ ರಕ್ತನಾಳ ಕಟ್ಟಿಕೊಂಡಿರುವವರಿಗೆ ಎದೆನೋವು, ಹಾರ್ಟ್ ಅಟ್ಯಾಕ್ ಕೂಡ ಆಗಬಹುದು. ನಿಲ್ಲಿಸಲೇಬೇಕಿದ್ದರೆ ಡಾಕ್ಟರು ಒಂದೆರಡು ವಾರ ಹಂತಹಂತವಾಗಿ ಇಳಿಸುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರ ಮನೆಯಲ್ಲಿ ಈ ಮಾತ್ರೆ ಖಾಲಿಯಾಗುವಂತೆಯೇ ಇಲ್ಲ.

ಎಲ್ಲಕ್ಕಿಂತ ಅಪಾಯಕಾರಿ ಕ್ಲೋನಿಡಿನ್. ಕಿಡ್ನಿ ತೊಂದರೆಯಿರುವವರಿಗೆ, ಡಯಾಲಿಸಿಸ್‌ನಲ್ಲಿರುವವರಿಗೆ 100 ಮೈಕ್ರೋಗ್ರಾಂನ ಪುಟ್ಟ ಮಾತ್ರೆಯಾಗಿ ದಿನಕ್ಕೆ ಎರಡು ಮೂರು ಸಲ ಕೊಡುತ್ತಾರೆ. ಇದನ್ನು ಥಟ್ಟನೆ ಬಿಟ್ಟರೆ 18ರಿಂದ 72 ಗಂಟೆಯೊಳಗೆ ಬಿಪಿ ಚಿಕಿತ್ಸೆಗೆ ಮೊದಲಿದ್ದ ಮಟ್ಟವನ್ನೂ ದಾಟಬಹುದು. ಜೊತೆಗೆ ಕೈನಡುಕ, ಬೆವರು, ತಲೆನೋವು, ಎದೆ ಢವಢವ. ಅಟೆನೊಲಾಲ್ ಗುಂಪಿನ ಮಾತ್ರೆಯೂ ನಡೆಯುತ್ತಿದ್ದರೆ ಇದು ಇನ್ನೂ ಜೋರು.

ಪ್ರಾಜೋಸಿನ್‌ನ ತೊಂದರೆ ತಿರುಗುಮುರುಗು. ಬಿಟ್ಟಾಗಿನದಕ್ಕಿಂತ ಮತ್ತೆ ಶುರು ಮಾಡುವಾಗಿನ ಅಪಾಯ ದೊಡ್ಡದು. ಕೆಲವು ದಿನ ಬಿಟ್ಟು ಹಳೆಯ ಪವರನ್ನೇ ನುಂಗಿದರೆ 30ರಿಂದ 90 ನಿಮಿಷದಲ್ಲಿ ಬಿಪಿ ಕುಸಿದು, ಎದ್ದು ನಿಂತವರು ಕುಸಿದು ಬೀಳಬಹುದು.

ನಾಲ್ಕನೇ ಹೆಜ್ಜೆ: ಈಗ ನುಂಗುವುದೋ, ಬಿಡುವುದೋ

ದಿನಕ್ಕೊಂದು ಮಾತ್ರೆಯವರು 12 ಗಂಟೆಯ ಗೆರೆ ಇಟ್ಟುಕೊಳ್ಳಿ. ಬೆಳಿಗ್ಗೆ 8ಕ್ಕೆ ನುಂಗಬೇಕಿದ್ದು ಸಂಜೆ 5ಕ್ಕೆ ನೆನಪಾಯಿತೇ? ಆಗಲೇ ನುಂಗಿ. ರಾತ್ರಿ 8 ದಾಟಿದ್ದರೆ ಬಿಡಿ, ಮರುದಿನ ಬೆಳಿಗ್ಗೆ ಒಂದನ್ನೇ ನುಂಗಿ. ಮೂತ್ರ ಹೆಚ್ಚಿಸುವ ಮಾತ್ರೆಯಿದ್ದರೆ ಸಂಜೆ 4ರ ಮೇಲೆ ನುಂಗಿದವರು ರಾತ್ರಿಯಿಡೀ ಬಚ್ಚಲಿಗೆ ಓಡಾಡಬೇಕಾಗುತ್ತದೆ. ವಯಸ್ಸಾದವರು ಕತ್ತಲಲ್ಲಿ ಜಾರಿ ಬೀಳುವ ಭಯ ಇರುವುದರಿಂದ ಆ ಮಾತ್ರೆಯನ್ನು ಮರುದಿನಕ್ಕೆ ಬಿಡುವುದೇ ಒಳ್ಳೆಯದು.

ದಿನಕ್ಕೆರಡು ಸಲದವರಿಗೆ ಗೆರೆ 6 ಗಂಟೆ. ಕ್ಲೋನಿಡಿನ್ ಒಂದು ಹೊತ್ತು ತಪ್ಪಿದ್ದರೆ ನೆನಪಾದ ತಕ್ಷಣ ನುಂಗಿ, ಮುಂದಿನ ಹೊತ್ತು ಹತ್ತಿರವೇ ಇದ್ದರೆ ಅದನ್ನೇ ಸಮಯಕ್ಕೆ ತೆಗೆದುಕೊಳ್ಳಿ. ಸಾಲಾಗಿ ಎರಡು ಹೊತ್ತು ತಪ್ಪಿದ್ದರೆ ಅಂದೇ ಡಾಕ್ಟರಿಗೆ ಫೋನ್ ಮಾಡಿ.

ತಪ್ಪಿದ್ದನ್ನು ಸೇರಿಸಿ ಎರಡು ನುಂಗುವುದು ಬೇಡವೇ ಬೇಡ. ಅಮ್ಲೋಡಿಪಿನ್‌ನಂಥದ್ದು ಹೇಗೂ ಒಳಗೆ ಉಳಿದಿರುತ್ತದೆ. ಅದರ ಮೇಲೆ ಎರಡು ಬಿದ್ದರೆ ಬಿಪಿ 100ರ ಕೆಳಗೆ ಇಳಿದು ತಲೆಸುತ್ತು ಬರಬಹುದು. ಅಟೆನೊಲಾಲ್ ಎರಡಾದರೆ ನಾಡಿ 50ರ ಕೆಳಗೆ ಇಳಿಯಬಹುದು. ನುಂಗಿದೆನೋ ಇಲ್ಲವೋ ಎಂಬ ಅನುಮಾನವಿದ್ದರೆ, ಅಮ್ಲೋಡಿಪಿನ್, ಟೆಲ್ಮಿಸಾರ್ಟನ್, ಕ್ಲೋರ್ಥ್ಯಾಲಿಡೋನ್ ಆದರೆ ನುಂಗಿದ್ದೇನೆ ಎಂದೇ ಲೆಕ್ಕ ಹಿಡಿದು ನಾಳೆಗೆ ಬಿಡಿ.

ನಾಲ್ಕಾರು ದಿನವೇ ಬಿಟ್ಟಿದ್ದರೆ

ಅಮ್ಲೋಡಿಪಿನ್, ಟೆಲ್ಮಿಸಾರ್ಟನ್ ಮೂರು ನಾಲ್ಕು ದಿನ ಬಿಟ್ಟಿದ್ದು ಬೇರೆ ಕಾಯಿಲೆ ಇಲ್ಲದಿದ್ದರೆ ಹಳೆಯ ಪವರಿನಲ್ಲೇ ದಿನಕ್ಕೊಂದರಂತೆ ಮತ್ತೆ ಶುರು ಮಾಡಬಹುದು. ವಾರ ದಾಟಿದ್ದರೆ ಬಿಪಿ ನೋಡಿಸಿ, ಡಾಕ್ಟರಿಗೆ ಹೇಳಿ ಶುರು ಮಾಡಿ. ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೋನಿಡಿನ್, ಪ್ರಾಜೋಸಿನ್ ಆದರೆ ಎರಡು ಮೂರು ದಿನ ಬಿಟ್ಟಿದ್ದರೂ ಕೇಳಿಯೇ ಶುರು ಮಾಡಬೇಕು. ಪ್ರಾಜೋಸಿನ್ ಅನ್ನು ಕಡಿಮೆ ಪವರಿನಿಂದ, ಮಲಗುವ ಹೊತ್ತಿಗೆ ಮತ್ತೆ ಆರಂಭಿಸುತ್ತಾರೆ.

ಶುರು ಮಾಡಿದ ಮರುದಿನವೇ ಅಂಕಿ ಇಳಿಯಲಿಲ್ಲವೆಂದು ಗಾಬರಿಯಾಗಬೇಡಿ. ಅಮ್ಲೋಡಿಪಿನ್ ರಕ್ತದಲ್ಲಿ ಸ್ಥಿರಮಟ್ಟಕ್ಕೆ ಬರಲು 7–8 ದಿನ ಬೇಕು, ಟೆಲ್ಮಿಸಾರ್ಟನ್ ಪೂರ್ತಿ ಫಲ ಕೊಡಲು ಸುಮಾರು 4 ವಾರ.

ಅಳೆಯುವುದು

ಐದು ನಿಮಿಷ ಬೆನ್ನಿಗೆ ಒರಗಿ, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ ಕುಳಿತಿರಬೇಕು. ಪಟ್ಟಿ ಬರಿಯ ತೋಳಿಗೆ, ತೋಳು ಎದೆಯ ಮಟ್ಟಕ್ಕೆ. ಅದಕ್ಕೂ ಅರ್ಧ ಗಂಟೆ ಮೊದಲು ಕಾಫಿ, ಟೀ, ಬೀಡಿ ಬೇಡ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಸರಾಸರಿ ಬರೆಯಿರಿ. ಮಾತ್ರೆ 24 ಗಂಟೆ ಹಿಡಿಯುತ್ತಿದೆಯೇ ಎಂದು ತಿಳಿಯಬೇಕಾದರೆ ಬೆಳಿಗ್ಗೆ ಮಾತ್ರೆ ನುಂಗುವ ಮುಂಚೆ ಅಳೆಯಿರಿ. ಮನೆಯಲ್ಲಿ 135/85, ಆಸ್ಪತ್ರೆಯಲ್ಲಿ 140/90 ದಾಟಿದರೆ ಹೆಚ್ಚು ಎಂದು ಲೆಕ್ಕ.

ಚೆಕಪ್ಪಿಗೆ ಹೋಗುವ ದಿನ ‘ಡಾಕ್ಟರಿಗೆ ನಿಜವಾದ ಬಿಪಿ ಗೊತ್ತಾಗಲಿ’ ಎಂದು ಮಾತ್ರೆ ಬಿಟ್ಟು ಹೋಗುವ ಅಭ್ಯಾಸ ಬಹಳ ಜನರಲ್ಲಿದೆ. ಡಾಕ್ಟರು ನೋಡಬೇಕಾದದ್ದು ಮಾತ್ರೆಯ ಮೇಲಿರುವ ಬಿಪಿಯನ್ನು. ಬಿಟ್ಟು ಹೋದರೆ ಅಂಕಿ ಏರಿರುತ್ತದೆ, ಪವರ್ ಹೆಚ್ಚಿಸುತ್ತಾರೆ, ಆಮೇಲೆ ಆ ಹೆಚ್ಚಿನ ಪವರಿನದನ್ನು ಸರಿಯಾಗಿ ನುಂಗಿದ ದಿನ ಹೊಲದಲ್ಲಿ ತಲೆಸುತ್ತಿ ಬೀಳುತ್ತೀರಿ. ಖಾಲಿ ಹೊಟ್ಟೆಯಲ್ಲಿ ಷುಗರ್ ರಕ್ತಪರೀಕ್ಷೆಗೆ ಹೋಗುವಾಗಲೂ ನೀರಿನ ಜೊತೆ ಬಿಪಿ ಮಾತ್ರೆ ನುಂಗಬಹುದು, ಪರೀಕ್ಷೆ ಮುಗಿಯುವವರೆಗೆ ಬಿಡಬೇಕಾದದ್ದು ಷುಗರ್ ಮಾತ್ರೆಯನ್ನು. ಏಕಾದಶಿ, ಶಿವರಾತ್ರಿಯ ಉಪವಾಸದಲ್ಲೂ ಬಿಪಿ ಮಾತ್ರೆಯನ್ನು ನೀರಿನ ಜೊತೆ ನುಂಗಬಹುದು. ಆದರೆ ನೀರೂ ಕುಡಿಯದ ಉಪವಾಸದಲ್ಲಿ ಮೂತ್ರದ ಮಾತ್ರೆ ನುಂಗಿದರೆ ದೇಹ ಒಣಗಿ ಬಿಪಿ ಕುಸಿಯುತ್ತದೆ. ಅಂಥ ವ್ರತ ಹಿಡಿಯುವವರು ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ.

ಯಾವಾಗ ಓಡಬೇಕು

ಅಂಕಿ 180/120 ಮುಟ್ಟಿದ್ದು ಮೈಯಲ್ಲಿ ಏನೂ ತೊಂದರೆ ಇಲ್ಲದಿದ್ದರೆ ಸುಮ್ಮನೆ ಕುಳಿತು ಕೆಲವು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಮೇಲಿನ ಲೆಕ್ಕಕ್ಕೆ ಒಪ್ಪುವುದಾದರೆ ಆ ಹೊತ್ತಿನ ಮಾತ್ರೆ ನುಂಗಿ, ಅಂದೇ ಡಾಕ್ಟರನ್ನು ಕಾಣಿ. ಬೇಗ ಇಳಿಯಲೆಂದು ನಿಫೆಡಿಪಿನ್ ಕ್ಯಾಪ್ಸೂಲ್ ಚುಚ್ಚಿ ನಾಲಿಗೆ ಕೆಳಗೆ ಹಾಕುವ ಹಳೆಯ ಪದ್ಧತಿಯಿಂದ ಬಿಪಿ ಧೊಪ್ಪನೆ ಬಿದ್ದು ಮೆದುಳಿಗೆ, ಹೃದಯಕ್ಕೆ ರಕ್ತವೇ ಕಡಿಮೆಯಾಗುತ್ತದೆ. ಅದನ್ನು ಯಾರು ಹೇಳಿದರೂ ಮಾಡಬೇಡಿ.

ಎದೆನೋವು, ಉಸಿರು ಕಟ್ಟುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ದಿಢೀರ್ ಕಣ್ಣು ಮಂಜಾಗುವುದು, ಹಿಂದೆಂದೂ ಕಾಣದಂಥ ತಲೆನೋವು: ಇವುಗಳಲ್ಲಿ ಒಂದಿದ್ದರೂ ಅಂಕಿ ಎಷ್ಟೇ ಇರಲಿ 108ಕ್ಕೆ ಕರೆ ಮಾಡಿ. ಲಕ್ವದ ಲಕ್ಷಣವಿದ್ದವರಿಗೆ ಬಾಯಿಗೆ ನೀರು, ಮಾತ್ರೆ ಏನೂ ಹಾಕಬೇಡಿ, ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅವರು ಕೊನೆಯದಾಗಿ ಸರಿಯಾಗಿದ್ದ ಸಮಯ ಬರೆದಿಟ್ಟುಕೊಳ್ಳಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಅವಕಾಶವಿರುವುದು ಸಾಮಾನ್ಯವಾಗಿ ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ, ಅದೂ ಸಿಟಿ ಸ್ಕ್ಯಾನ್ ಆದ ಮೇಲೆ. ಹಾಗಾಗಿ ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯಿರಿ.

ಬಿಡುವುದೇ ಸರಿಯಾಗುವ ಸಂದರ್ಭ

ವಾಂತಿ ಭೇದಿ ಹತ್ತಿ ನೀರು ಇಳಿಯುತ್ತಿಲ್ಲವೆಂದರೆ ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಲಾಪ್ರಿಲ್ ಮತ್ತು ಮೂತ್ರದ ಮಾತ್ರೆಗಳು ಕಿಡ್ನಿಗೆ ಏಟು ಕೊಡಬಹುದು. ಡಾಕ್ಟರನ್ನು ಕೇಳಿ ಒಂದೆರಡು ದಿನ ತಡೆಹಿಡಿದು, ಊಟ ನೀರು ಸರಿಹೋದ ಮೇಲೆ ಮತ್ತೆ ಶುರು ಮಾಡಿ. ಗರ್ಭ ನಿಂತಿದೆ ಎಂದು ಗೊತ್ತಾದರೆ ಹೆಸರು ‘ಸಾರ್ಟನ್’, ‘ಪ್ರಿಲ್’ ಎಂದು ಮುಗಿಯುವ ಮಾತ್ರೆಗಳು ಮಗುವಿಗೆ ಹಾನಿಕರ, ಆ ದಿನವೇ ಡಾಕ್ಟರನ್ನು ಕಂಡು ಬೇರೆ ಮಾತ್ರೆಗೆ ಬದಲಾಯಿಸಿಕೊಳ್ಳಬೇಕು. ಇನ್ನು ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ನುಂಗುವವರು ಗಮನಿಸಿ: ಅವು ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಗಳ ಜೊತೆ ಸೇರಿ ಕಿಡ್ನಿ ಕೆಡಿಸುತ್ತವೆ.

ಮತ್ತೆ ತಪ್ಪದಂತೆ

ಬೆಳಿಗ್ಗೆಯೋ ರಾತ್ರಿಯೋ ಎಂಬ ಚಿಂತೆ ಬೇಡ. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ನೀವು ಮರೆಯದ ಹೊತ್ತೇ ಸರಿಯಾದ ಹೊತ್ತು. ಡೇರಿಗೆ ಹಾಲು ಹಾಕುವವರು ಕ್ಯಾನಿನ ಪಕ್ಕದಲ್ಲೇ ಡಬ್ಬಿ ಇಡಬಹುದು. ರೈಲಿಗೆ ಓಡುವವರು ರಾತ್ರಿ ಊಟದ ನಂತರಕ್ಕೆ ಬದಲಾಯಿಸಿಕೊಳ್ಳಲು ಡಾಕ್ಟರನ್ನು ಕೇಳಬಹುದು. ಸ್ಟ್ರಿಪ್ಪಿನ ಹಿಂದೆ ಪೆನ್ನಿನಲ್ಲಿ ಸೋಮ, ಮಂಗಳ ಎಂದು ಬರೆದಿಟ್ಟರೆ ನುಂಗಿದೆನೋ ಇಲ್ಲವೋ ಎಂಬ ಅನುಮಾನ ಉಳಿಯದು. ವಾರದ ಡಬ್ಬಿ ಬಳಸುವವರು ಟೆಲ್ಮಿಸಾರ್ಟನ್ ಅನ್ನು ಬಿಡಿಸಿ ಹಾಕಬೇಡಿ, ಅದು ಗಾಳಿಯ ತೇವ ಹೀರಿ ಕೆಡುತ್ತದೆ. ಸ್ಟ್ರಿಪ್ಪನ್ನು ಹಾಳೆ ಹರಿಯದಂತೆ ಕತ್ತರಿಸಿ ಹಾಕಿ.

ಏಳು ಮಾತ್ರೆ ಉಳಿದಾಗಲೇ ಮುಂದಿನ ತಿಂಗಳದ್ದು ತನ್ನಿ. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಬಿಪಿ, ಷುಗರ್‌ನಂಥ ಕಾಯಿಲೆಗಳ) ಕ್ಲಿನಿಕ್, ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ಬಿಪಿ ಮಾತ್ರೆ ಉಚಿತ. 2024ರಲ್ಲಿ ಕೋಲಾರದಿಂದಲೇ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರಿಗೆ ಮನೆ ಬಾಗಿಲಲ್ಲೇ ತಪಾಸಣೆಯಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಕ್ ಇಲ್ಲದ ದಿನ ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಕಡಿಮೆ ಬೆಲೆಗೆ ಸಿಗುತ್ತದೆ. ಸ್ಟ್ರಿಪ್ ಬದಲಾದಾಗಲೆಲ್ಲ ಸಣ್ಣ ಅಕ್ಷರ ಓದಿ, ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನುಂಗಬೇಡಿ.

ಆಸ್ಪತ್ರೆಯಲ್ಲಿ ಹೇಳಬೇಕಾದದ್ದು

ಮಾತ್ರೆಯ ಹೆಸರು ಮತ್ತು ಪವರ್, ಕೊನೆಯದನ್ನು ನುಂಗಿದ ದಿನ ಮತ್ತು ಗಂಟೆ, ಕಳೆದ ತಿಂಗಳಲ್ಲಿ ಎಷ್ಟು ಹೊತ್ತು ತಪ್ಪಿತು, ಯಾಕೆ ತಪ್ಪಿತು. ಬೈಯುತ್ತಾರೆಂದು ‘ದಿನಾ ತಗೋತಿದೀನಿ ಸಾರ್’ ಎಂದರೆ, ಏರಿದ ಅಂಕಿ ನೋಡಿದ ಡಾಕ್ಟರಿಗೆ ಈ ಮಾತ್ರೆ ಸಾಲುತ್ತಿಲ್ಲ ಎಂದೇ ತೋಚುತ್ತದೆ, ಎರಡನೆಯದನ್ನು ಸೇರಿಸುತ್ತಾರೆ. ಕಾಲು ಊತ, ಒಣಕೆಮ್ಮು, ಸುಸ್ತು ಎಂದು ಬಿಟ್ಟಿದ್ದರೆ ಅದನ್ನೂ ಹೇಳಿ. ಅಮ್ಲೋಡಿಪಿನ್‌ನಿಂದ ಕಾಲು ಊದಿದ್ದರೆ ಪವರ್ ಇಳಿಸಬಹುದು ಇಲ್ಲವೇ ಬೇರೆಯದಕ್ಕೆ ಬದಲಿಸಬಹುದು. ಎನಲಾಪ್ರಿಲ್, ರಾಮಿಪ್ರಿಲ್‌ನಿಂದ ಕೆಮ್ಮು ಬಂದಿದ್ದರೆ ಟೆಲ್ಮಿಸಾರ್ಟನ್ ಅಥವಾ ಲೊಸಾರ್ಟನ್ ಕೊಡುತ್ತಾರೆ. ಹೊತ್ತು ಪದೇಪದೇ ತಪ್ಪುತ್ತದೆ ಎಂದು ಬಾಯಿಬಿಟ್ಟು ಹೇಳಿದರೆ ದಿನಕ್ಕೆರಡರ ಮಾತ್ರೆಯನ್ನು ದಿನಕ್ಕೊಂದರದ್ದಕ್ಕೆ, ಎರಡು ಮಾತ್ರೆಯನ್ನು ಸೇರಿಸಿದ ಒಂದೇ ಮಾತ್ರೆಗೆ ಬದಲಾಯಿಸಿಕೊಡಲು ಅವರಿಗೆ ದಾರಿಯಿದೆ.